ಬಲಕ್ಕೊಂದು, ಎಡಕ್ಕೊಂದು ಸಲಾಮು

ಪಾರ್ಕ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡಿಗರಿಗೆ ಬಾಂಗಿನ ಕರೆ ಪರಿಚಿತ. ನಮಾಜಿನ ಕೊನೆ ಅಷ್ಟು ಪರಿಚಿತವಲ್ಲ. ಕುಳಿತವರು ಮುಖವನ್ನು ಬಲಕ್ಕೆ, ಆಮೇಲೆ ಎಡಕ್ಕೆ ಹೊರಳಿಸಿ 'ಅಸ್ಸಲಾಮು ಅಲೈಕುಂ ವ ರಹ್ಮತುಲ್ಲಾಹ್' ಎನ್ನುತ್ತಾರೆ. ನಿಮ್ಮ ಮೇಲೆ ಶಾಂತಿಯೂ ದೇವರ ಕರುಣೆಯೂ ಇರಲಿ ಎಂದರ್ಥ. ಇದಕ್ಕೆ ತಸ್ಲೀಮ್ ಎಂದು ಹೆಸರು.

ಇಲ್ಲಿ 'ನೀವು' ಯಾರು? ದೇವರಂತೂ ಅಲ್ಲ. ಅಕ್ಕಪಕ್ಕ ಕುಳಿತವರು, ಜೊತೆಗೆ ದೇವದೂತರು ಎನ್ನುತ್ತಾರೆ ಶಾಸ್ತ್ರಜ್ಞರು. ಆದ್ದರಿಂದಲೇ ಒಬ್ಬನೇ ನಮಾಜು ಮಾಡುವವನೂ ಬಹುವಚನದಲ್ಲೇ ಹೇಳುತ್ತಾನೆ. 'ಅಲ್ಲಾಹು ಅಕ್ಬರ್' ಎಂದು ಲೋಕದ ಮಾತಿಗೆ ಬಾಗಿಲು ಹಾಕಿದವನು ಈ ಸಲಾಮಿನಿಂದ ಅದನ್ನು ತೆರೆಯುತ್ತಾನೆ.

ಶಾಫಿ ಪರಂಪರೆಯವರಿಗೆ ಮೊದಲ ಸಲಾಮು ನಮಾಜಿನ ಕಂಬ, ಅದಿಲ್ಲದೆ ನಮಾಜಿಲ್ಲ. ಹನಫಿಗಳಿಗೆ ಅದು ವಾಜಿಬ್, ಕಂಬಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಈ ಎರಡು ಪರಂಪರೆಗಳೂ ಸಮುದ್ರ ದಾಟಿವೆ. 1331ರಲ್ಲಿ ಮೊಂಬಾಸಾಕ್ಕೆ ಬಂದ ಇಬ್ನ್ ಬತೂತಾ ಅಲ್ಲಿಯವರು ಶಾಫಿಗಳೆಂದು ದಾಖಲಿಸಿದ; ಮುಂದಿನ ದಶಕದಲ್ಲಿ ನಮ್ಮ ಹೊನ್ನಾವರದವರ ಬಗ್ಗೆಯೂ ಅದನ್ನೇ ಹೇಳಿದ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಇಂದಿಗೂ ಶಾಫಿಗಳೇ. ಆದರೆ 1896ರಲ್ಲಿ ಮೊಂಬಾಸಾದಿಂದ ಆರಂಭವಾದ ರೈಲುಹಾದಿಯ ಕೆಲಸಕ್ಕೆ ಬಂದ ಪಂಜಾಬಿ ಮುಸಲ್ಮಾನರು ಹೆಚ್ಚಾಗಿ ಹನಫಿಗಳು.

ಹಾಗಾಗಿ ನೈರೋಬಿಯ ಮಸೀದಿಯೊಂದರ ಒಂದೇ ಸಾಲಿನಲ್ಲಿ ಸ್ವಾಹಿಲಿಯವನೂ ಪಂಜಾಬಿಯೂ ಭುಜ ತಾಗಿಸಿ ಕೂರಬಹುದು. ವಿಧಿಯ ತೂಕ ಬೇರೆ, ಸಲಾಮು ಒಂದೇ. ಪಕ್ಕದವನ ಊರು, ಭಾಷೆ ಗೊತ್ತಿರಬೇಕಿಲ್ಲ. ಅವನಿಗೆ ಶಾಂತಿ ಕೋರದೆ ಮಾತ್ರ ಎದ್ದುಹೋಗುವಂತಿಲ್ಲ. ವಲಸೆ ಬಂದವರ ಊರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ನಿಯಮ ಇನ್ನೇನು ಬೇಕು?