ಗುತ್ತಿಗೆ ಐಟಿ ಕೆಲಸ: ಕೈಗೆ ಉಳಿಯುವುದೆಷ್ಟು?

ಹೊಸೂರಿನಲ್ಲಿದ್ದು ಬೆಂಗಳೂರು ಕಂಪನಿಗಳಿಗೆ ಸ್ವತಂತ್ರ ಗುತ್ತಿಗೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಸಿಗುವುದು ಸಂಬಳವಲ್ಲ, ಶುಲ್ಕ. ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ಸಂಬಳಸಹಿತ ರಜೆ ಇದರಲ್ಲಿಲ್ಲ.

ತೆರಿಗೆ: ವೃತ್ತಿ ಶುಲ್ಕದಲ್ಲಿ ಶೇ. 10 ಟಿಡಿಎಸ್ ಮುರಿಯುತ್ತಾರೆ. ಅಂದಾಜು ಆದಾಯ ಪದ್ಧತಿಯಲ್ಲಿ 12 ಲಕ್ಷ ರೂ. ಗಳಿಕೆಗೆ ಅರ್ಧ, ಅಂದರೆ 6 ಲಕ್ಷವನ್ನು ಲಾಭವೆಂದು ತೋರಿಸಬಹುದು. ಬೇರೆ ಆದಾಯವಿಲ್ಲದಿದ್ದರೆ 2025-26ರ ಹೊಸ ತೆರಿಗೆ ಪದ್ಧತಿಯಂತೆ ತೆರಿಗೆ ಬೀಳದು, ಮುರಿದ 1.2 ಲಕ್ಷ ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.

ಪ್ರಯಾಣ: ಎಲೆಕ್ಟ್ರಾನಿಕ್ ಸಿಟಿ ಸುಮಾರು 20 ಕಿ.ಮೀ. ದೂರ. ಅಂದಾಜು ಪದ್ಧತಿ ಆರಿಸಿಕೊಂಡವರು ಪೆಟ್ರೋಲ್, ಟೋಲ್ ಖರ್ಚನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ.

ದಿನದ ದರ ಒಪ್ಪುವ ಮುನ್ನ ಪಿಎಫ್, ರಜೆ, ವಿಮೆ, ದಾರಿಖರ್ಚು ಕಳೆದು ಉಳಿದದ್ದನ್ನೇ ಸಂಬಳದೊಂದಿಗೆ ಹೋಲಿಸಬೇಕು.