ಸಾಹೇಬರ ಸ್ವಭಾವ, ನೌಕರರ ಸಮಾಧಾನ

ಸರ್ಕಾರಿ ಕಚೇರಿಯ ಮುಖ್ಯಸ್ಥರಿಗೆ ಕೈಕೆಳಗಿನವರ ಸಂಬಳ ಏರಿಸುವ ಅಧಿಕಾರವಿಲ್ಲ. ಮುಂಬಡ್ತಿ ಬಹುಮಟ್ಟಿಗೆ ಜ್ಯೇಷ್ಠತಾ ಪಟ್ಟಿಯ ಪ್ರಕಾರವೇ ಬರುತ್ತದೆ. ಆದರೂ ಸಾಹೇಬರು ಬದಲಾದರೆ ಕಚೇರಿಯ ಗಾಳಿಯೇ ಬದಲಾಗುತ್ತದೆ. ಏಕೆ? ಉತ್ತರದ ಹುಡುಕಾಟ ಶುರುವಾದದ್ದು ಸರ್ಕಾರಿ ಕಚೇರಿಗಳಿಂದ ಬಹುದೂರದಲ್ಲಿ.

1930ರ ದಶಕದ ಕೊನೆಗೆ ಅಮೆರಿಕದ ಅಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಮತ್ತು ಸಂಗಡಿಗರು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಮುಖವಾಡ ಮಾಡುವಂಥ ಕೆಲಸ ಕೊಟ್ಟರು. ಒಬ್ಬ ಮುಂದಾಳು ಬರೀ ಅಪ್ಪಣೆ ಕೊಡುತ್ತಿದ್ದ, ಇನ್ನೊಬ್ಬ ಹುಡುಗರೊಡನೆ ಚರ್ಚಿಸಿ ತೀರ್ಮಾನಿಸುತ್ತಿದ್ದ, ಮತ್ತೊಬ್ಬ ಕೈಬಿಟ್ಟು ಕೂರುತ್ತಿದ್ದ. ಅಪ್ಪಣೆಯವನು ಕೋಣೆಯಿಂದ ಆಚೆ ಹೋದದ್ದೇ ತಡ, ಕೆಲಸ ಕುಸಿಯುತ್ತಿತ್ತು. ಚರ್ಚಿಸುವವನ ಗುಂಪು ಅವನಿಲ್ಲದಾಗಲೂ ಕೆಲಸ ಮುಂದುವರಿಸುತ್ತಿತ್ತು.

ಮುಂದೆ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಕನ ವರ್ತನೆಯನ್ನು ಎರಡಾಗಿ ಬಿಡಿಸಿದರು: ಜನರ ಬಗೆಗಿನ ಕಾಳಜಿ, ಕೆಲಸದ ಅಚ್ಚುಕಟ್ಟು. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಹೇಳಿದ ಮಾತು ಸರ್ಕಾರಿ ನೌಕರಿಗೆ ಇನ್ನಷ್ಟು ಹತ್ತಿರದ್ದು. ಸಂಬಳ, ಭದ್ರತೆ, ನಿಯಮಗಳು ಸರಿಯಿದ್ದರೆ ಅತೃಪ್ತಿ ತಗ್ಗುತ್ತದೆ, ಅಷ್ಟೆ. ತೃಪ್ತಿ ಹುಟ್ಟುವುದು ಸಾಧನೆ, ಮನ್ನಣೆ, ಹೊಣೆಗಾರಿಕೆಗಳಿಂದ. ಕಾಯಂ ನೌಕರಿ ಸಿಕ್ಕವರೂ ಗೊಣಗುವುದೇಕೆ ಎಂಬುದಕ್ಕೆ ಇಲ್ಲೊಂದು ಉತ್ತರವಿದೆ.

1978ರಲ್ಲಿ ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್, 1985ರಲ್ಲಿ ಬರ್ನಾರ್ಡ್ ಬಾಸ್ ಪ್ರತಿಫಲ ತೋರಿಸಿ ಕೆಲಸ ಪಡೆಯುವ ಕೊಡು-ಕೊಳ್ಳುವ ನಾಯಕತ್ವವನ್ನೂ, ಉದ್ದೇಶ ಮನಗಾಣಿಸಿ ಹುರಿದುಂಬಿಸುವ ಪರಿವರ್ತನಾ ನಾಯಕತ್ವವನ್ನೂ ಬೇರೆಬೇರೆಯಾಗಿ ನೋಡಿದರು. 1990ರಲ್ಲಿ ಪೆರ್ರಿ ಮತ್ತು ವೈಸ್ ಜನಸೇವೆಯ ತುಡಿತವನ್ನು ಪ್ರತ್ಯೇಕ ಪ್ರೇರಣೆಯೆಂದು ಗುರುತಿಸಿದ ಮೇಲೆ ಈ ಚರ್ಚೆ ಸರ್ಕಾರಿ ವಲಯದಲ್ಲಿ ನೆಲೆಯೂರಿತು. ಇನಾಮು ಕೊಡಲಾಗದ ಅಧಿಕಾರಿಯೂ ಕೆಲಸದ ಅರ್ಥ ಮನಗಾಣಿಸಬಲ್ಲ.

ಭಾರತದಲ್ಲಿ ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ 1980ರಲ್ಲಿ ಪಾಶ್ಚಾತ್ಯ ಮಾದರಿಯನ್ನು ಪ್ರಶ್ನಿಸಿದರು. ಇಲ್ಲಿನ ನೌಕರರು ಮೇಲಧಿಕಾರಿಯಿಂದ ವಾತ್ಸಲ್ಯವನ್ನೂ ಬಿಗಿಯನ್ನೂ ಬಯಸುತ್ತಾರೆ. ಕೆಲಸ ಮಾಡಿದವರನ್ನು ಪೋಷಿಸುತ್ತ ಕ್ರಮೇಣ ಸ್ವಾತಂತ್ರ್ಯ ಬಿಟ್ಟುಕೊಡುವ ನಾಯಕನೇ ಇಲ್ಲಿಗೆ ಸರಿ ಎಂದರು.

ಈಚಿನ ಅಧ್ಯಯನಗಳ ಗಮನ ಆ ಸ್ವಾತಂತ್ರ್ಯದ ಮೇಲೆಯೇ ಇದೆ. ಲಂಡನ್ನಿನ 10,308 ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನ, ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡಿತು. ನೈಜೀರಿಯಾದ 4,700ಕ್ಕೂ ಹೆಚ್ಚು ಸರ್ಕಾರಿ ಕಾಮಗಾರಿಗಳನ್ನು ಪರಿಶೀಲಿಸಿದ ರಸೂಲ್ ಮತ್ತು ರಾಗರ್, ನೌಕರರಿಗೆ ವಿವೇಚನೆಯ ಅವಕಾಶ ಹೆಚ್ಚಿದ್ದಲ್ಲಿ ಕಾಮಗಾರಿಗಳು ಹೆಚ್ಚಾಗಿ ಪೂರ್ಣಗೊಂಡದ್ದನ್ನೂ, ನಿಗಾ-ಪ್ರೋತ್ಸಾಹಧನಗಳ ವ್ಯವಸ್ಥೆ ಬಲವಾಗಿದ್ದಲ್ಲಿ ಕಡಿಮೆ ಪೂರ್ಣಗೊಂಡದ್ದನ್ನೂ 2018ರಲ್ಲಿ ವರದಿ ಮಾಡಿದರು.

ಈ ಕ್ಷೇತ್ರದ ಒಂದು ದೌರ್ಬಲ್ಯವನ್ನೂ ಹೇಳಬೇಕು. ಬಹುಪಾಲು ಅಧ್ಯಯನಗಳು ಒಂದೇ ಪ್ರಶ್ನಾವಳಿಯಲ್ಲಿ, ಒಬ್ಬರಿಂದಲೇ, ಸಾಹೇಬರ ಬಗ್ಗೆಯೂ ಸ್ವಂತ ತೃಪ್ತಿಯ ಬಗ್ಗೆಯೂ ಕೇಳುತ್ತವೆ. ಬೇಸತ್ತವರಿಗೆ ಸಾಹೇಬರೂ ಕೆಟ್ಟವರಾಗಿಯೇ ಕಾಣಬಹುದು. ಅಧಿಕಾರಿ ವರ್ಗವಾಗುವ ಮೊದಲು, ಆದ ಮೇಲೆ ಅದೇ ನೌಕರರನ್ನು ಕೇಳಿದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಸ್ವಲ್ಪವಾದರೂ ತಿಳಿದೀತು. ಆದರೆ ವರ್ಗಾವಣೆಯೇ ಅತಿಯಾಗಬಾರದು: ಅಧಿಕಾರಿಗಳಿಗೆ ಒಂದು ಹುದ್ದೆಯಲ್ಲಿ ಕನಿಷ್ಠ ಅವಧಿ ನಿಗದಿಯಾಗಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅದು ಪಾಲನೆಯಾಗದೆ, ಆರು ತಿಂಗಳಿಗೊಮ್ಮೆ ಕುರ್ಚಿ ಖಾಲಿಯಾಗುವ ಕಚೇರಿಯಲ್ಲಿ ಯಾವ ನಾಯಕತ್ವ ಶೈಲಿಯೂ ಬೇರು ಬಿಡುವುದಿಲ್ಲ.