ಲಿನಕ್ಸ್ ಹುಟ್ಟಿದ ಮನೆ

ಸುರೇಬಾನದ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕೆಂಬುದು ರೂಢಿ. ಕೂಸು ಕಣ್ಣು ಬಿಡುವುದು ಅಜ್ಜಿಯ ಮನೆಯಲ್ಲಿ. ಲಿನಕ್ಸ್ ಹುಟ್ಟಿದ್ದೂ ಹಾಗೆಯೇ. ಆ ಅಜ್ಜಿಮನೆಯ ಹೆಸರು ಮಿನಿಕ್ಸ್. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟೆನೆನ್‌ಬಾಮ್ ಪಾಠ ಹೇಳಲೆಂದು 1987ರಲ್ಲಿ ಹೊರತಂದ, ಯುನಿಕ್ಸ್ ಮಾದರಿಯ ಪುಟ್ಟ ಆಪರೇಟಿಂಗ್ ಸಿಸ್ಟಂ ಅದು. 1991ರ ಸೆಪ್ಟೆಂಬರಿನಲ್ಲಿ ಲೀನಸ್ ಟೊರ್ವಾಲ್ಡ್ಸ್ ಹಂಚಿದ ಲಿನಕ್ಸ್ 0.01 ಅನ್ನು ಮಿನಿಕ್ಸ್ ಇಲ್ಲದೆ ಕಟ್ಟಿ ನಿಲ್ಲಿಸುವಂತಿರಲಿಲ್ಲ.

ಕಂಪೈಲರಿನ ಕೆಲಸ ಬರೀ ಅನುವಾದವಲ್ಲ. ಪ್ರೋಗ್ರಾಂ ಓಡಬೇಕಾದ ಯಂತ್ರದ ಪ್ರೊಸೆಸರ್ ಯಾವುದು, ಅಲ್ಲಿ ಕಡತದ ಸ್ವರೂಪ ಎಂಥದು, ಕರ್ನಲ್ಲನ್ನು ಕರೆಯುವ ಕ್ರಮ ಏನು ಎಂಬುದನ್ನೆಲ್ಲ ಅದಕ್ಕೆ ಮೊದಲೇ ತಿಳಿಸಿಕೊಡಬೇಕು. ಮೊದಮೊದಲ ಯುನಿಕ್ಸ್‌ಗಳದ್ದು ‘ಎ.ಔಟ್’ ಎಂಬ ಸ್ವರೂಪ; ಇಂದಿನ ಲಿನಕ್ಸ್‌ನದ್ದು ‘ಎಲ್ಫ್’. ಒಳಗಿನ ಒಕ್ಕಣೆ ಸರಿಯಿದ್ದರೂ ಮೇಲಿನ ವಿಳಾಸ ತಪ್ಪಿದರೆ ಪತ್ರ ಮುಟ್ಟುವುದಿಲ್ಲ.

2022ರಲ್ಲಿ ಲಿನಕ್ಸ್ ಕರ್ನಲ್ ಕೂಡ ಎ.ಔಟ್‌ಗೆ ಬಾಗಿಲು ಮುಚ್ಚಿತು. ಹಳೆಯ ಪ್ರೋಗ್ರಾಮಿನ ಮೂಲ ಬರಹ ಉಳಿದರಷ್ಟೇ ಸಾಲದು. ಅದನ್ನು ಕಟ್ಟುವ ಕಂಪೈಲರೂ ಅದರ ಹೊಂದಾಣಿಕೆಗಳೂ ಉಳಿಯಬೇಕು. ಇಲ್ಲವಾದರೆ ಮೊಮ್ಮಗನ ಕೈಯಲ್ಲಿ ತಾನು ಹುಟ್ಟಿದ ಮನೆಯ ಚಿತ್ರವಿರುತ್ತದೆ, ಕೀಲಿಕೈ ಇರುವುದಿಲ್ಲ.